ಹತ್ತೊಂಬತ್ತನೆಯದು

ಒಟ್ಟು ಮೂವತ್ತೊಂದು ದೋಣಿ. ಅಷ್ಟೇ.
ಆಮೇಲೆ ಎಲಾದಿಯೊನ ಶೆಡ್ಡಿಗೆ ಬೆಂಕಿ ಬಿತ್ತು,
ಅಚ್ಚು ಮೂರು ದಿನ ಹೊಗೆಯಾಡಿತು,
ಮಸ್ಕಾಟೊ ಎಂಬ ಹೆಸರು ಬಿಲ್ಲು ಪುಸ್ತಕದಲ್ಲಷ್ಟೇ ಉಳಿಯಿತು.

ಹದಿನಾಲ್ಕು ಅಡಿ. ತಳದಲ್ಲಿ ಒಂದರ ಬದಲು ಎರಡು ಏಣು.
ಗಲೀಸಿಯದ ಈ ಕೊಲ್ಲಿಗಳಲ್ಲಿ ನೀರು ಇಳಿದಾಗ
ಉಳಿದ ದೋಣಿಗಳು ಕುಡಿದವರಂತೆ ಕೆಸರಲ್ಲಿ ಮಗ್ಗುಲಾದರೆ
ಇದು ಮಾತ್ರ ಕಾವಿಗೆ ಕೂತ ಕೋಳಿ, ನೆಟ್ಟಗೆ.
ಚಿಪ್ಪು ಬಾಚುವ ಹೆಂಗಸರು ಅದರಲ್ಲೇ ಕೂತು
ಬುತ್ತಿ ಬಿಚ್ಚುತ್ತಿದ್ದರು.

ಹುಡುಕುತ್ತಿದ್ದೇನೆ ಎಂದರೆ ಜನ ನಗುತ್ತಾರೆ:
'ಬಲ್ಬಿನೊ, ಅರವತ್ತೆಂಟಕ್ಕೆ ಇದೆಂಥ ಹುಚ್ಚು?'
ಅಪರೂಪದ ಮಾದರಿ, ಸಂಗ್ರಹಕ್ಕೆ ಬೇಕು, ಎನ್ನುತ್ತೇನೆ.
ಸುಳ್ಳಿಗೂ ಅಭ್ಯಾಸ ಬೇಕು.
ನನ್ನದು ನಲವತ್ತೊಂಬತ್ತು ವರ್ಷದ್ದು.

ಏಳನೆಯದು ಕಂಬಾಡೋಸ್‌ನಲ್ಲಿ, ವೈನ್ ಅಂಗಡಿಯ ಮುಂದೆ,
ಜೆರೇನಿಯಂ ತುಂಬಿಕೊಂಡು.
ಇಪ್ಪತ್ತೆರಡನೆಯದು ಇನ್ನೂ ಸಮುದ್ರಕ್ಕೆ ಹೋಗುತ್ತದೆ,
ಆಕ್ಟೋಪಸ್ ಹಿಡಿಯುವ, ಪರಸ್ಪರ ಮಾತು ಬಿಟ್ಟ ಇಬ್ಬರು ಅಕ್ಕತಂಗಿಯರೊಂದಿಗೆ.
ಹನ್ನೊಂದನೆಯದನ್ನು ಮುರೋಸ್‌ನವನೊಬ್ಬ
ಸ್ನಾನದ ತೊಟ್ಟಿ ಮಾಡಿಕೊಂಡಿದ್ದಾನೆ;
ನಾನು ಹೋದಾಗ ಅದರೊಳಗೇ ಇದ್ದ,
ಸದ್ಯ, ಎದ್ದು ನಿಂತು ಕೈಕುಲುಕಲಿಲ್ಲ.
ಪ್ರತಿಯೊಂದರ ಹಿಂಬದಿಗೂ ತಾಮ್ರದ ಬಿಲ್ಲೆ,
ಬಿಲ್ಲೆಯ ಮೇಲೆ ನಾನೇ ಕುಟ್ಟಿದ ಅಂಕೆ.
ಹತ್ತೊಂಬತ್ತಲ್ಲ. ಇದೂ ಹತ್ತೊಂಬತ್ತಲ್ಲ.

ಅಂದು ಶುಕ್ರವಾರ.
ಗಾಜಿನ ನಾರಿನ ಹಾಸಿಗೆ ರಾಳ ಬಳಿಯುತ್ತಿದ್ದೆ.
ಎಡ ಏಣಿನ ಹಿಂಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡಿತು,
ಅಂಗೈಯಗಲ, ರೊಟ್ಟಿ ಉಬ್ಬಿದ ಹಾಗೆ.
ಉರುಳೆ ಒತ್ತಿ ಒತ್ತಿ ಹೊರಡಿಸಬೇಕಿತ್ತು.
ಆರಕ್ಕೆ ಬಸ್ಸು. ಪೇಟೆಯಲ್ಲಿ ಬ್ಯಾಂಡು, ಕುಣಿತ.
ಮೇಲೆ ಇನ್ನೊಂದು ಹಾಸು ಹೊದಿಸಿದೆ.
ಬಣ್ಣ ಬಳಿದರು. ಮಾರಿದರು.
ಅಂದಿನಿಂದ ಈ ಕರಾವಳಿಯಲ್ಲಿ ಯಾವ ದೋಣಿ ಮುಳುಗಿದರೂ
ಪತ್ರಿಕೆಯಲ್ಲಿ ನಾನು ಮೊದಲು ಓದುವುದು
ಸತ್ತವರ ಹೆಸರಲ್ಲ.

ಕೊನೆಗೂ ಸಿಕ್ಕಿತು. ಅರ್ಧ.
ಕೊರ್ಕುಬಿಯೋನ್ ದಾಟಿದ ತಿರುವಿನಲ್ಲಿ
ಮೂತಿ ಮೇಲಾಗಿ ನೆಲದಲ್ಲಿ ನೆಟ್ಟಿದ್ದರು,
ಒಳಗೆ ಕಾರ್ಮೆನ್ ಮಾತೆ, ಪ್ಲಾಸ್ಟಿಕ್ ಗುಲಾಬಿ, ಬ್ಯಾಟರಿ ದೀಪ.
ಎರಡು ಏಣು. ನನ್ನ ಕೈಕೆಲಸ ನನಗೆ ತಿಳಿಯದೇ?
ಆದರೆ ಅಂಕೆ ಇರುವುದು ಹಿಂದಿನರ್ಧದಲ್ಲಿ.
ಮೊಣಕಾಲೂರಿ ಗರಗಸದ ಅಂಚು ತಡವುತ್ತಿದ್ದೆ;
ಹಾದುಹೋದ ಪೋಸ್ಟ್‌ಮನ್ ನನ್ನ ಭಕ್ತಿಗೆ ಟೋಪಿ ತೆಗೆದ.
'ಉಳಿದರ್ಧವೇ? ಒಬ್ದುಲಿಯಾಳ ತೋಟದಲ್ಲಿ.
ಮುಂದಿನದು ಮಾತೆಗೆ, ಹಿಂದಿನದು ಕೋಸಿಗೆ.'

ಒಬ್ದುಲಿಯಾಳ ಗಂಡ ಸತ್ತದ್ದು ಹಾಸಿಗೆಯಲ್ಲಿ,
ನಿದ್ದೆಯಲ್ಲಿ, ಎಂಬತ್ತೊಂದಕ್ಕೆ.
ನನಗೆ ಅಷ್ಟೇ ಸಾಕಿತ್ತು. ಆಕೆ ನಿಲ್ಲಿಸಲಿಲ್ಲ:
'ಇವಳಿಗೆ ಅವನಿಟ್ಟ ಹೆಸರು ಬಾಯಾರಿದವಳು.
ದಿನಕ್ಕೊಂದು ಲೋಟ ನೀರು ಕುಡಿಯುವಳು,
ಹೆಚ್ಚಿಲ್ಲ, ಕಡಿಮೆಯಿಲ್ಲ.
ಸಾರ್ಡೀನ್ ಡಬ್ಬಿಯಲ್ಲಿ ಮೊಗೆದು ಚೆಲ್ಲುತ್ತ
ಅವಳ ಜೊತೆ ಮಾತಾಡುತ್ತಿದ್ದ,
ನನ್ನ ಜೊತೆ ಆಡಿದ್ದಕ್ಕಿಂತ ಜಾಸ್ತಿ.'

ಕೊಯ್ದ ಬಾಯಿಗೆ ಹಲಗೆ ಹೊಡೆದು
ಮಳೆನೀರಿನ ತೊಟ್ಟಿ ಮಾಡಿದ್ದಳು.
ಬಿಲ್ಲೆ ಉಜ್ಜಿದೆ: ಒಂದು, ಒಂಬತ್ತು.
ಒಂಬತ್ತು ಕೊಂಚ ವಾಲಿದೆ, ಬಸ್ಸಿನ ಅವಸರಕ್ಕೆ.
ನಾಣ್ಯದಿಂದ ತಟ್ಟುತ್ತ ಹೋದೆ.
ಟಕ್, ಟಕ್, ಟಕ್,
ಬೊದ್.

ಹೇಳಿಬಿಟ್ಟೆ. ಶುಕ್ರವಾರ, ಗಾಳಿ, ಬ್ಯಾಂಡು, ಎಲ್ಲ.
ಆಕೆ ಬಹಳ ಹೊತ್ತು ನನ್ನನ್ನಲ್ಲ, ತೊಟ್ಟಿಯನ್ನು ನೋಡಿದಳು.
'ಹುಡುಗಿ ಬಂದಿದ್ದಳಾ, ಕುಣಿತಕ್ಕೆ?'
'ಇಲ್ಲ.'
'ಸರಿ ಹೋಯಿತು.
ಕೊಯ್ದ ಮೇಲೆ ಇವಳ ಚಟ ಹೆಚ್ಚಾಗಿದೆ,
ಸಂಜೆ ತುಂಬಿದರೆ ಬೆಳಗ್ಗೆಗೆ ಅರ್ಧ.
ರಾಳ ಗೀಳ ತಂದಿದ್ದೀಯೋ, ಬರಿಗೈಯೋ?'

ತಂದಿದ್ದೆ. ಹನ್ನೊಂದು ವರ್ಷದಿಂದ ವ್ಯಾನಿನಲ್ಲೇ ಇದೆ,
ಅವಧಿ ಮುಗಿದಾಗಲೆಲ್ಲ ಹೊಸ ಡಬ್ಬಿ ಕೊಳ್ಳುತ್ತೇನೆ.
ಉರುಳೆ ಮಾತ್ರ ಹಳೆಯದೇ.