ಇತರೆ

ರಟ್ಟಿಗೆ ಕ್ಲಿಪ್ಪು ಹಾಕಿದ ಹಾಳಿ ಹಿಡಕೊಂಡು
ಒಬ್ಬ ಹುಡುಗಿ ಬಂದು ಕೇಳಿದ್ಲು:
"ದಿನಕ್ಕೆ ಎಷ್ಟು ನಿಮಿಷ ಹಸಿರಿನ ನಡುವೆ ಕಳೆಯುತ್ತೀರಿ?"
ಆಕಿ ಪಾರ್ಕಿನ ಗೇಟಿನಾಚೆ. ನಾನೂ ಗೇಟಿನಾಚೆ.
ಗೇಟಿಗೆ ಬೀಗ. ಹನ್ನೆರಡೂವರೆ.
ಮೇ ತಿಂಗಳು, ಬಳ್ಳಾರಿ.

ಬೋರ್ಡು ನೋಡಕ್ಕ ಅಂದೆ.
ಮುಂಜಾನೆ ಐದರಿಂದ ಒಂಬತ್ತು,
ಸಂಜಿ ನಾಲ್ಕೂವರೆಯಿಂದ ಎಂಟು.
ನಡುವಿನ ಹೊತ್ತು ನೆರಳು ಒಂದೇ ಒಳಗ
ಕಾಲು ಚಾಚಿ ಮಲಗಿರತೈತಿ.

ನಾನು ಕೌಲ್ ಬಜಾರದಾಕಿ. ಜೀನ್ಸಿಗೆ ಜಿಪ್ಪು ಕೂಡಿಸ್ತೀನಿ.
ತಗಡಿನ ಶೆಡ್ಡು, ತಗಡಿನ ಕೆಳಗ ಹದಿನಾಲ್ಕು ಮಿಷನ್ನು,
ಒಂದೇ ಫ್ಯಾನು, ಅದರ ಮುಖ ಮೇಸ್ತ್ರಿ ಕಡೆ.
ಊಟಕ್ಕ ಅರ್ಧ ತಾಸು.
ನಾನು, ರುಖಿಯಾ, ಡಬ್ಬಿ ಹಿಡಕೊಂಡು ಇಲ್ಲಿಗೇ ಬರ್ತೀವಿ:
ಒಳಗಿನ ಬೇವು ಕಾಂಪೌಂಡು ದಾಟಿಸಿ
ಒಂದು ಕೊಂಬಿ ಹೊರಗ ಬಿಟ್ಟೈತಿ ನೋಡು,
ಅದರ ಬುಡಕ್ಕ.
ಬರಕೋ, ಇಪ್ಪತ್ತು ನಿಮಿಷ.
ಹಸಿರಿನ ನಡುವ ಅಲ್ಲ, ಅಂಚಿಗೆ.
ಅಂಚು ಹೊಲಿಯೋರು ನಾವು, ಅಂಚು ಸಾಕು
ಅನ್ನೋದಿಲ್ಲ ಮತ್ತ.

"ಇದರಿಂದ ಲಾಭ? ಮೂರು ಗುರುತು ಹಾಕಿ.
ಶುದ್ಧ ಗಾಳಿ, ವ್ಯಾಯಾಮ, ಮಾನಸಿಕ ನೆಮ್ಮದಿ..."
ರುಖಿಯಾ ರೊಟ್ಟಿ ಮುರಕೋತಾ ಅಂದ್ಲು:
ಬಟ್ಟಿ ನೀಲಿ, ಬೆರಳು ನೀಲಿ, ನಮ್ಮ ಓಣಿ ಮೋರಿ ನೀಲಿ,
ರಾತ್ರಿ ಕಣ್ಣು ಮುಚ್ಚಿದ್ರೂ ನೀಲಿ.
ಇಲ್ಲಿ ಬ್ಯಾರೆ ಬಣ್ಣ ಒಂದೈತಿ. ಅಷ್ಟ.

ಎರ್ರಿಸ್ವಾಮಿ ಹೆಲ್ಮೆಟ್ ತೆಗೀಲಾರದ ಹೇಳಿದ:
ಆರ್ಡರ್ ಬರೋ ತನ ಗಾಡಿ ಇಲ್ಲಿ ಹಚ್ಚತೀನಿ,
ಸೀಟು ಸುಡಂಗಿಲ್ಲ.
ನೆಮ್ಮದಿ ಅಂತ ಗುರುತು ಹಾಕೊಳ್ರಿ, ಪರವಾಗಿಲ್ಲ.

ನಮ್ಮ ತಿಪ್ಪೇಶಿ ಇಲ್ಲಿಲ್ಲ, ಆತನದೂ ನಾನೇ ಹೇಳಿದೆ:
ಪೊಲೀಸ್ ಭರ್ತಿಗೆ ಓಡತಾನ, ನಸುಕಿನ ಐದಕ್ಕ.
ಸಾವಿರದ ಆರುನೂರು ಮೀಟರಿಗೆ
ಈ ಪಾರ್ಕು ಒಂಬತ್ತು ಸುತ್ತು.
ಎಂಟನೇದರಾಗ ಕಣಗಿಲ ಗಿಡದ ಹತ್ರ ವಾಂತಿ ಮಾಡಕೋತಾನ.
ಇಲ್ಲಿ ಏನೇನು ಗಿಡ ಅದಾವ ಅಂತ ಕೇಳಿದ್ರ
ಆತಗ ಗೊತ್ತಿಲ್ಲ. ಆರು ನಿಮಿಷ ಹನ್ನೊಂದು ಸೆಕೆಂಡು
ಅನ್ನೋದು ಗೊತ್ತು.

"ಸಂಜೆ ಹೊತ್ತು ಮಹಿಳೆಯರಿಗೆ ಸುರಕ್ಷಿತ ಅನ್ನಿಸುತ್ತಾ?"
ಹೌದು, ಇಲ್ಲ. ಎರಡೇ ಮನಿ.
ನಾನು ಕೇಳಿದೆ, ಅಕ್ಕ,
ಈ ಊರಾಗ ಒಬ್ಬಾಕಿ ಹುಡುಗಿ ಸುಮ್ಮನ ಎಲ್ಲಿ ಕೂಡಬೇಕು?
ಗುಡಿಯಾಗ ಕುಂತ್ರ ದೇವರಿದ್ದಾನ,
ಬಸ್‌ಸ್ಟ್ಯಾಂಡಿನಾಗ ಕುಂತ್ರ ಬಸ್ಸು ಬರೋದೈತಿ,
ಹೊಟೇಲಿನಾಗ ಇಪ್ಪತ್ತು ರೂಪಾಯಿ ಚಾ.
ಪಾರ್ಕಿನಾಗ ಮಾತ್ರ ಏನೂ ಕಾರಣ ಬೇಕಿಲ್ಲ ಅಂದಕೊಂಡಿದ್ದೆ.
ಹೋದ ಐತವಾರ ಒಬ್ಬಾಕಿನ ಕುಂತಿದ್ದೆ.
ವಾಚ್‌ಮನ್ ಪೆನ್ನಪ್ಪ ಮೂರು ಸಲ ಬಂದ,
ಯಾರಿಗೆ ಕಾಯಾಕತ್ತೀಯವಾ?
ಗಾಳಿಗೆ ಅಂದೆ.
ನಕ್ಕ. ನಾಲ್ಕನೇ ಸಲ ಬರಲಿಲ್ಲ.
ದೂರ ನಿಂತು ಬ್ಯಾರೆಯವರನ್ನ ಗದರಿಸಿ ಕಳಿಸಿದ.
ಇದಕ್ಕ ಹೌದು ಬರೀತೀಯೋ, ಇಲ್ಲ ಬರೀತೀಯೋ?

ಹುಡುಗಿ ಪೆನ್ನು ಕಚ್ಚಿದ್ಲು.
"ಕಡೀಗೆ ಇತರೆ ಅಂತ ಒಂದೈತಿ," ಅಂದ್ಲು,
ಆಕಿಯ ಪುಸ್ತಕದ ಮಾತು ಬಿಸಿಲಿಗೆ ಕರಗಿತ್ತು.
ನೋಡಿದ್ರ ಅರ್ಧ ಗೆರಿ ಜಾಗ.

ಕೊರಳ ಮ್ಯಾಲೆ ಬೆವರು, ಕೈಯಾಗ ಖಾಲಿ ಬಾಟಲಿ.
ಸರಕೊಂಡ್ವಿ. ಆಕಿ ನಮ್ಮಿಬ್ಬರ ನಡುವ ಕುಂತ್ಲು.
ನೀನು ಎಷ್ಟು ನಿಮಿಷ ಅಂದೆ.
ಒಂದು ಹಾಳಿಗೆ ಒಂಬತ್ತು ರೂಪಾಯಂತ,
ಮುಂಜಾನಿಂದ ಮೂವತ್ತೊಂದು ಮಂದಿ,
ಕುಂತಿದ್ದು ಇದೇ ಮೊದಲು.

ಮ್ಯಾಲಿಂದ ಒಂದು ಬೇವಿನ ಹಣ್ಣು ಹಾಳಿ ಮ್ಯಾಲೆ ಬಿತ್ತು.
ಒರೆಸಿದ್ಲು, ಹಳದಿ ಕಲೆ ಹರಡಿತು.
ಅಷ್ಟರಾಗ ಮೇಸ್ತ್ರಿ ಫೋನು.

ಓಣಿ ತಿರುವಿನಾಗ ಹಿಂದ ತಿರುಗಿ ನೋಡಿದೆ.
ಪೆನ್ನಿಗೆ ಕ್ಯಾಪು ಹಾಕಿಟ್ಟು
ಆಕಿ ಇನ್ನೂ ಅಲ್ಲೇ ಇದ್ಲು,
ಗೋಡೆಗೆ ಬೆನ್ನು ಕೊಟ್ಟು, ಚಪ್ಪಲಿ ಬಿಟ್ಟು.