ಜುಟ್ಟು, ಗಡ್ಡ

ಮಂಡಿಪೇಟೆ, ಬೆಳಗಿನ ಏಳೂವರೆ.
ಎದುರಂಗಡಿಯಲ್ಲಿ ಮಂಡಕ್ಕಿ ಚೀಲ ಇಳಿಸುತ್ತಿದ್ದರು.
ಉಜ್ಜಿನಪ್ಪ ಮಾಸ್ತರ ಮಗ ಬಂದು ಕುರ್ಚಿಯಲ್ಲಿ ಕೂತ,
ಖಾರ್ಕಿವ್‌ನಲ್ಲಿ ಡಾಕ್ಟರಿಕೆ ಓದು, ನಾಲ್ಕನೇ ವರ್ಷಕ್ಕೆ ಮುರಿದದ್ದು.
ಬಂಕರಿನಲ್ಲಿ ಬೆಳೆದ ಗಡ್ಡ. "ಪೂರ್ತಿ ತೆಗಿ, ಕಾಕಾ."

ನೊರೆ ಹಚ್ಚುವಾಗ ಮಾತಾಡಬಾರದು. ಅವನು ಮಾತಾಡಿದ.

ಅವನ ಕೋಣೆಯಲ್ಲಿ ಇಬ್ಬರಿದ್ದರಂತೆ:
ಪೋಲ್ತಾವದ ಮಿಕೋಲ, ಗಡಿಯಾಚೆಯ ಗ್ಲೇಬ್.
ಮಿಕೋಲನನ್ನು ಗ್ಲೇಬ್ ಖೊಖೋಲ್ ಅನ್ನೋನು, ಅಂದರೆ ಜುಟ್ಟು;
ಹಿಂದೆ ಅವರ ಕುದುರೆಯಾಳುಗಳು ತಲೆ ಬೋಳಿಸಿ
ನೆತ್ತಿಯಲ್ಲೊಂದು ಹಿಡಿ ಉಳಿಸುತ್ತಿದ್ದರಂತೆ.
ಗ್ಲೇಬನನ್ನು ಮಿಕೋಲ ಕತ್ಸಾಪ್ ಅನ್ನೋನು: ಹೋತ.
ಗಡ್ಡಕ್ಕೆ ಇಟ್ಟ ಹೆಸರು.
"ಹೋತ ಅಲ್ಲ, ತುರ್ಕರ ಕಸ್ಸಾಪ್, ಕಟುಕ, ಅನ್ನೋರೂ ಇದ್ದಾರೆ."

ಕತ್ತಿ ನಿಂತಿತು.
ಅದು ನಮ್ಮ ಕಸಾಯಿಯೇ ಅಲ್ಲವೇನೋ!
ಆಜಾದ್ ನಗರದ ದಸ್ತಗೀರ್ ಸಾಬರು
ಶುಕ್ರವಾರ ಇದೇ ಕುರ್ಚಿಯಲ್ಲಿ ಗಡ್ಡ ತಿದ್ದಿಸುತ್ತಾರೆ.
ಒಂದು ಮಾತು ಚಪ್ಪಲಿಯಿಲ್ಲದೆ ಎಷ್ಟು ದೂರ ನಡೆಯುತ್ತದೆ.

ಜುಟ್ಟು, ಗಡ್ಡ. ಎರಡೂ ನನ್ನ ಕಸುಬು.
ಅದನ್ನೇ ಹಿಡಿದು ಎರಡು ದೇಶ ಬೈದಾಡುವುದು ಗೊತ್ತಿರಲಿಲ್ಲ.

"ದೊಡ್ಡ ರಷ್ಯಾ, ಚಿಕ್ಕ ರಷ್ಯಾ ಅಂತಲೂ ಇತ್ತು.
ಮೊದಲು ಚಿಕ್ಕದು ಅಂದರೆ ಮೂಲದ ಮನೆ ಅಂತಿದ್ದರಂತೆ,
ಆಮೇಲೆ ಚಿಕ್ಕದು ಅಂದರೆ ಚಿಕ್ಕದೇ."
ಉಕ್ರೈನಾ ಅಂದರೆ ಗಡಿ, ಅನ್ನುತ್ತಾರೆ ಇವರು;
ಅಲ್ಲ, ನಾಡು, ಅನ್ನುತ್ತಾರೆ ಅವರು.
ನಾನಂದೆ, ಸೀಮೆ ಅನ್ನು,
ಅದರಲ್ಲಿ ಎರಡೂ ಕೂರುತ್ತವೆ.
ಅವನು ನಗಲಿಲ್ಲ. ಕೆನ್ನೆಯ ಮೇಲೆ ಕತ್ತಿಯಿತ್ತಲ್ಲ.

"ಎಲ್ಲಕ್ಕಿಂತ ಹಳೇದು ರುಸ್. ಇಬ್ಬರಿಗೂ ಬೇಕು ಅದು.
ಹುಟ್ಟು ಹಾಕುವವರು ಅಂತ ಅರ್ಥವಂತೆ,
ಹೊಳೆಯಲ್ಲಿ ದೋಣಿ ನಡೆಸಿ ಬಂದವರು."
ಹುಟ್ಟು. ಹರಿಹರದ ತುಂಗಭದ್ರೆಯಲ್ಲಿ
ತೆಪ್ಪದವ ನೀರು ಸೀಳುವುದೂ ಅದೇ,
ತಾಯಿ ಹೊಟ್ಟೆಯಿಂದ ಬಂದದ್ದೂ ಅದೇ.

ನಮಗೂ ಊರು ಕೊಟ್ಟ ಹೆಸರೊಂದಿದೆ.
ಇಲ್ಲಿ ಬರೆಯುವುದಿಲ್ಲ.
ಅಪ್ಪ ಅದಕ್ಕೆ ಓಗೊಡುತ್ತಿದ್ದ, ಪೆಟ್ಟಿಗೆ ಎತ್ತಿಕೊಂಡು ಓಡುತ್ತಿದ್ದ.
ಬೋರ್ಡು ಬರೆಸುವಾಗ ನಾನು
ಮೂರು ದಿನ ಯೋಚಿಸಿದ್ದೆ.

"ಗ್ಲೇಬ್ ಈಗ ಎಲ್ಲಿ?"
"ಗೊತ್ತಿಲ್ಲ."
"ಮಿಕೋಲ?"
ಒದ್ದೆ ಕೈಯಲ್ಲೇ ಫೋನ್ ತೆಗೆದು ತೋರಿಸಿದ:
ಹಸಿರು ಅಂಗಿ, ಬೋಳು ತಲೆ,
ನೆತ್ತಿಯ ಮೇಲೆ, ಬೇಕಂತಲೇ, ಒಂದು ಹಿಡಿ ಕೂದಲು.

ತುಸು ಹೊತ್ತು ನೋಡಿದೆ. ಯಾರೋ ಅವಸರದಲ್ಲಿ ಬೋಳಿಸಿದ್ದಾರೆ,
ಕಿವಿಯ ಹಿಂದೆ ಹಾಗೇ ಉಳಿದಿದೆ.