ಹನ್ನೊಂದೂವರೆ ಸುತ್ತು

ಬೋಳಾರದ ಮೇಲಿನ ವಾಲ್ವಿಗೆ
ಹನ್ನೊಂದೂವರೆ ಸುತ್ತು. ಹನ್ನೆರಡಾದರೆ
ಹೊಯಿಗೆಬಜಾರಿನ ಕೊನೆಯ ನಳ್ಳಿ ಕೆಮ್ಮುತ್ತದೆ,
ಬರುವುದು ಗಾಳಿ.
ಇದನ್ನು ನನಗೆ ಕಲಿಸಿದ್ದು ಪಾಲಿಕೆಯಲ್ಲ,
ದೂಮಪ್ಪ ಕುಂದರ್, ನೀರು ಬಿಡುವವರು.
ಮೂವತ್ನಾಲ್ಕು ವರ್ಷ, ಬೆಳಗಿನ ಮೂರೂವರೆಗೆ,
ಸೈಕಲ್ಲಿಗೆ ಕಬ್ಬಿಣದ ಕೀಲಿ ಕಟ್ಟಿಕೊಂಡು ಹೊರಟವರು.
ನಾಯಿಗಳು ಅವರಿಗೆ ಬೊಗಳುತ್ತಿರಲಿಲ್ಲ.
ಅವರಿಗೆ ಜ್ವರ ಬಂದ ದಿನ ಬದಲಿಗೆ ಹೋದ ನನಗೆ
ಮುಳಿಹಿತ್ಲಿನ ಉದ್ದಕ್ಕೂ ಮೆರವಣಿಗೆ.

ನೀರು ಏರುವಷ್ಟು ಹೊತ್ತು
ಯಾವುದಾದರೊಂದು ಜಗಲಿಯಲ್ಲಿ ಕೂತು
ಹಳೆ ರಶೀದಿಯ ಬೆನ್ನು ಬಿಡಿಸಿ
ಕೊಡ ಹಿಡಿದು ಬಂದ ಮುದುಕಿಯರನ್ನು ಕೇಳುವರು:
"ನಳ್ಳಿ ಬರುವ ಮೊದಲು ಎಲ್ಲಿಂದ ತರುತ್ತಿದ್ದಿರಿ, ಅಮ್ಮಾ?"
ಅಷ್ಟೇ ಪ್ರಶ್ನೆ.
ಒಬ್ಬಳು ಬಾವಿಯಿಂದ ಶುರುಮಾಡಿ
ಹೆಂಚಿನ ಕಾರ್ಖಾನೆಯ ಸೈರನ್ನಿಗೆ ಹೋಗಿ
ಅಲ್ಲಿಂದ ಮಂಜಿ ಹತ್ತಿದ ಅಣ್ಣನಿಗೆ, ಅಲ್ಲಿಂದ
ಸಿಡುಬಿಗೆ ಹೋದ ತಂಗಿಗೆ.
ಇವರು ಬರೆದುಕೊಂಡರು: ಬಾವಿಯ ಸುತ್ತಳತೆ,
ರಾಟೆ ಯಾರು ಕೊಟ್ಟದ್ದು, ಮೇ ತಿಂಗಳಲ್ಲಿ
ಉಪ್ಪಾಗುತ್ತಿತ್ತೋ ಇಲ್ಲವೋ.
ತಂಗಿಯ ಹೆಸರು ಕೂಡ.

ಇನ್ನೂರ ಹದಿನೇಳು ಬಾವಿ.
ಹೆಚ್ಚಿನವು ಈಗ ಪಾರ್ಕಿಂಗು. ಒಂದರ ಮೇಲೆ ಎಟಿಎಂ.
"ಈಗಲೂ ಸಾಲು ನಿಂತು ಸೇದುತ್ತಾರಲ್ಲ, ಮಾರಾಯ"
ಎಂದಿದ್ದರು, ನಗದೆ.
ಸ್ವಂತ ಮನೆಯ ನಳ್ಳಿ ಮಾತ್ರ ಹತ್ತು ವರ್ಷ ಸೋರಿತು.
ಕುಸುಮಕ್ಕ ಕೆಳಗಿಟ್ಟ ಚೊಂಬಿನ ಟಿಣ್ ಟಿಣ್ ಕೇಳುತ್ತ
ರಾತ್ರಿ ಇವರ ಪ್ರತಿ ಮಾಡುವ ಕೆಲಸ.

ವಾರ್ಡಿನ ಸ್ಮರಣ ಸಂಚಿಕೆಯವರು ಬಂದರು.
"ಬಾವಿಗಳ ಬಗ್ಗೆ ನಾಲ್ಕು ಪುಟ ಕೊಡಿ ಕುಂದರರೇ,
ಫೋಟೋ ಹಾಕುವ. ಶಾಲೂ ಉಂಟು."
ಕೊಟ್ಟರು. ವಾರ ಬಿಟ್ಟು ಕರೆ ಬಂತು. ನಾನೂ ಹೋಗಿದ್ದೆ.
ಎಲ್ಲ ಚಂದ ಉಂಟು, ಆದರೆ
ನೂರ ನಾಲ್ಕನೆಯ ಬಾವಿಯಲ್ಲಿ ಒಂದು ಸಾಲು,
ಅದೊಂದು ತೆಗೆದರೆ?

'ಸೇದಿದವರು: ಸುತ್ತಿನ ಹದಿನಾರು ಮನೆ.
ಕಾದವರು: ತುಕ್ರು, ಅಂಗಾರೆ, ಅಂಗಾರೆಯ ಮಗಳು.
ಯಾರಾದರೂ ಹೊಯ್ಯುವವರೆಗೆ.
ಹೆಚ್ಚಿನ ದಿನ, ಊಟದ ಹೊತ್ತಿನವರೆಗೆ.'

ಕನ್ನಡಕ ತೆಗೆದು ಒರೆಸಿದರು.
ಆ ಹದಿನಾರರಲ್ಲಿ ಒಂದು ಅವರ ಅಜ್ಜಿಯ ಮನೆ.
ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ,
ನನಗೂ, ಆಗ.
"ಸಾಲು ತೆಗೆದರೆ ನೀರಿನ ಲೆಕ್ಕ ತಪ್ಪುತ್ತದೆ"
ಎಂದು ನಾಲ್ಕೂ ಪುಟ ಮಡಚಿ ಕಿಸೆಗೆ ಹಾಕಿ
ಚಾ ಪೂರ್ತಿ ಕುಡಿದು ಎದ್ದರು.
ಸಂಚಿಕೆ ಬಂತು. ಬಾವಿಗಳ ಜಾಗದಲ್ಲಿ
ಚಿನ್ನದಂಗಡಿಯ ಜಾಹೀರಾತು.

ನಿವೃತ್ತಿಯ ದಿನ ನನಗೆ ಕೀಲಿ, ಜೊತೆಗೆ
ಕಾರ್ಬನ್ನಿನ ಒಂದು ಪ್ರತಿ, ಹಗ್ಗ ಕಟ್ಟಿ.
ಇನ್ನೊಂದು ಗ್ರಂಥಾಲಯಕ್ಕೆ.
ಮೂರನೆಯದನ್ನು ಹಿಡಿದುಕೊಂಡು
ಅಂಗಾರೆಯ ಮಗಳ ಮನೆ ಹುಡುಕಿ ಹೋದರಂತೆ.
ನಮ್ಮ ಪಾಲಿಕೆಯದೇ ಬೀದಿ ಗುಡಿಸಿದವಳು.
ಅವಳಿಗೆ ಓದಲು ಬಾರದು.
"ನಾನೆಲ್ಲಿದ್ದೇನೆ ತೋರಿಸಿ" ಎಂದಳು.
ಬೆರಳಿಟ್ಟು ತೋರಿಸಿ, ಓದಿ ಹೇಳಿದರು.
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು
"ಅದು ಅಪ್ಪೆಯ ಹೆಸರಾಯಿತು.
ಎನ್ನ ಪುದರ್ ಬಾಗಿ" ಅಂದಳಂತೆ.

ಮೂವತ್ನಾಲ್ಕು ವರ್ಷ ಎಲ್ಲರನ್ನೂ ಕೇಳಿದವರು
ಅವಳನ್ನು ಕೇಳಿರಲಿಲ್ಲ.

ಆ ರಾತ್ರಿಯೇ ನನ್ನ ಬಾಗಿಲು ತಟ್ಟಿದರು.
ನೂರ ನಾಲ್ಕು ತೆಗೆಸಿ, ನಿಂತಲ್ಲೇ ನೀಲಿ ಪೆನ್ನಲ್ಲಿ
'ಬಾಗಿ' ಎಂದು ಬರೆದರು, ಗ ದ ಗುಣಿಸು ಎರಡು ಸಲ ತಿದ್ದಿ.
ಬೆಳಿಗ್ಗೆ ಗ್ರಂಥಾಲಯಕ್ಕೂ ಹೋದರು.
ಸಾರ್ವಜನಿಕರು ಪುಸ್ತಕದಲ್ಲಿ ಬರೆಯುವ ಹಾಗಿಲ್ಲ,
ಸಾಹೇಬರು ಬರಲಿ, ಕೂತಿರಿ ಎಂದರಂತೆ.

ಕೂತರು,
ಊಟದ ಹೊತ್ತಿನವರೆಗೆ.